ಮೂವತ್ತನೆಯ ಪ್ರಯಾಣಿಕ

ಸಿದ್ದೇಶ್ ಎರಡು ಸಲ ಎಣಿಸಿದ. ಬಸ್ಸಿನಲ್ಲಿ ಇದ್ದದ್ದು ಇಪ್ಪತ್ತೊಂಬತ್ತೇ ಜನ. ಗುತ್ತಲಿನ ಕೊನೆಯ ಬೀದಿಗೆ ಮೊತ್ತಮೊದಲು ಬಂದ ಬಸ್ಸು ಅದು. ಮಂಡ್ಯದ ಮಾರ್ಕೆಟ್‌ವರೆಗೆ ಅದರ ದಾರಿ ಗುರುತಿಸಿದ ಎಂಜಿನಿಯರ್ ಅವನೇ. ಮೂರು ದಿನದ ಪ್ರಾಯೋಗಿಕ ಓಡಾಟದಲ್ಲಿ ಇದು ಕೊನೆಯ ದಿನ. ಹೋಗುವಾಗಲೂ ಬರುವಾಗಲೂ ಮೂವತ್ತು ಜನ ಇಲ್ಲದಿದ್ದರೆ ಬಸ್ಸು ರದ್ದು ಎಂದು ಮೇಲಿನವರು ಹೇಳಿದ್ದರು; ಅದು ಬೀದಿಗೆಲ್ಲ ಗೊತ್ತಿತ್ತು. ಬಸ್ಸು ಹೊರಡುವುದು ಹನ್ನೊಂದಕ್ಕೆ, ಇನ್ನು ಎರಡೇ ನಿಮಿಷ.

ಮುಂದಿನ ಸೀಟಿನಲ್ಲಿದ್ದ ಹೂವಿನ ಚಿಕ್ಕಬೋರಮ್ಮ ಅವನ ಮುಖ ನೋಡಿ ಕೆಳಗಿಳಿದಳು. ಎದುರಿನ ಕಟಿಂಗ್ ಶಾಪಿಗೆ ನುಗ್ಗಿ, ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದ ಲಿಂಗಯ್ಯನ ಕೈ ಹಿಡಿದೆಳೆದಳು.

"ವಾಪಸ್ ಬಂದ್ಮೇಲೆ ಗಡ್ಡ ಕೆರುಸ್ಕಳೀವಂತೆ, ಬಾರಣ್ಣ. ಬಸ್ಸು ಓಗ್ಬುಡ್ತದೆ."

ಕೊರಳಿಗೆ ಕಟ್ಟಿದ ಬಿಳಿ ಬಟ್ಟೆ, ಒಂದು ಕೆನ್ನೆಯ ಸೋಪಿನ ನೊರೆ ಸಮೇತ ಲಿಂಗಯ್ಯ ಹತ್ತಿದ. ಬಸ್ಸು ಹೊರಟಿತು. ಸಿದ್ದೇಶ್ ಫಾರಂ ಹಿಡಿದು ಒಬ್ಬೊಬ್ಬರನ್ನೇ ಪ್ರಯಾಣದ ಉದ್ದೇಶ ಕೇಳುತ್ತ ಬಂದ. ಹಿಂದಿನ ಸೀಟಿನಲ್ಲಿ ಮೂವರು ಹೆಂಗಸರು ಅವರೆಕಾಯಿ ಸುಲಿಯುತ್ತಿದ್ದರು. ಮನೆಯಲ್ಲಿ ಕೂತು ಸುಲಿಯುವುದನ್ನು ಇಲ್ಲೇ ಸುಲಿದರಾಯಿತು ಅಂದರು. ದೇವಿರಮ್ಮ ಕಿಟಕಿ ಪಕ್ಕ ಕೂರಲೆಂದೇ ಬಂದಿದ್ದಳು. ಲಿಂಗಯ್ಯ ತುಟಿಗಿಳಿದ ನೊರೆ ಒರೆಸಿಕೊಂಡು, ತನಗೂ ಅದು ತಿಳಿಯದು, ಬೋರಮ್ಮನನ್ನೇ ಕೇಳಬೇಕು ಎಂದ.

ಮಾರ್ಕೆಟ್ ಬಂತು. ಕಂಡಕ್ಟರ್ ಬಾಗಿಲು ತೆಗೆದ. ಒಬ್ಬರೂ ಅಲುಗಲಿಲ್ಲ. ಇಳಿದರೆ ವಾಪಸ್ ಬರುವಾಗ ಲೆಕ್ಕ ತಪ್ಪುತ್ತದೆ ಎಂದು ಬೋರಮ್ಮ ಎಲ್ಲರಿಗೂ ಮೊದಲೇ ತಾಕೀತು ಮಾಡಿದ್ದಳು. ಇಳಿಯಲು ಎದ್ದ ಲಿಂಗಯ್ಯನನ್ನು ಭುಜ ಒತ್ತಿ ಕೂರಿಸಿದಳು.

ಬಸ್ಸು ಗುತ್ತಲಿಗೆ ತಿರುಗಿ ಬಂದಾಗ ಮೂವತ್ತು ಜನವೂ ಇದ್ದರು. ಬಸ್ಸು ಉಳಿಯಿತು. ಸಿದ್ದೇಶನಿಗೆ ಖುಷಿಯೇನೋ ಆಯಿತು, ಆದರೂ ಒಳಗೊಳಗೇ ಒಂದು ಅನುಮಾನ. ಹಾಗಾದರೆ ಈ ಬೀದಿಯಿಂದ ಕೆಲಸಕ್ಕೆಂದು ಮಾರ್ಕೆಟ್ ಕಡೆ ಹೋಗುವವರು ಯಾರೂ ಇಲ್ಲವೇ ಎಂದು ಬೋರಮ್ಮನನ್ನು ಕೇಳಿದ.

"ಯಾಕಿಲ್ಲ ಸಾ? ನಾನು ದಿನಾ ಹೂವ ತರಕ್ಕೆ ಓಯ್ತೀನಿ. ಸೋಮಮ್ಮ ಆಸ್ಪತ್ರೆ ಗುಡ್ಸಕ್ಕೆ ಓಯ್ತಳೆ. ಇನ್ನೂ ಇಪ್ಪತ್ತು ಜನ ಅವ್ರೆ. ಎಲ್ಲಾ ಬೆಳಿಗ್ಗೆ ಐದೂವರೆಗೆ, ನಡ್ಕಂಡು."

"ಬಸ್ಸು ಹನ್ನೊಂದಕ್ಕಲ್ವಾ? ಮೊದಲೇ ಯಾಕೆ ಹೇಳಲಿಲ್ಲ?"

"ನೀವು ಎಲ್ಲಿಗೆ ಅಂದ್ರಿ, ಯಾಕೆ ಅಂದ್ರಿ. ಎಷ್ಟೊತ್ಗೆ ಅಂತ ಕೇಳ್ನಿಲ್ವಲ್ಲ. ಮೊದ್ಲು ಬಸ್ಸು ಉಳ್ಕಳ್ಳಿ ಅಂತ ನಾವೂ ಸುಮ್ನಾದೊ."

ಸಿದ್ದೇಶ್ ಫಾರಂ ಹಿಂದೆ ಮುಂದೆ ತಿರುಗಿಸಿ ನೋಡಿದ. ಹೆಸರಿತ್ತು, ವಯಸ್ಸಿತ್ತು, ಹೋಗುವ ಜಾಗವಿತ್ತು, ಉದ್ದೇಶವಿತ್ತು. ಬಸ್ಸಿನ ಮೆಟ್ಟಿಲ ಮೇಲೆ ಕೂತು, ಹಾಳೆಯ ಅಂಚಿನಲ್ಲಿ ಪೆನ್ನಿನಿಂದ ಸೊಟ್ಟಗೆ ಒಂದು ಗೆರೆ ಎಳೆದು ಹೊಸ ಕಾಲಂ ಮಾಡಿ, ಅದರಲ್ಲಿ 'ಹೊತ್ತು' ಎಂದು ಬರೆದ.