ದಾರದ ಗಂಟು

ದಾರದ ಗಂಟು ಜಮಾಲಬಿಯ ಸೊಂಟಕ್ಕಿಂತ ತುಸು ಮೇಲೆ ಬಂತು. ಒಂದು ತುದಿಯನ್ನು ಕಾಲ ಹೆಬ್ಬೆರಳಿನಿಂದ ನೆಲಕ್ಕೊತ್ತಿ, ಮೈಗುಂಟ ಎಳೆದು ಮತ್ತೊಮ್ಮೆ ನೋಡಿದಳು. ಅನುಮಾನವೇ ಇಲ್ಲ. ಇದು ನಾಲ್ಕೈದು ವರ್ಷದ ಕೂಸಿನ ಎತ್ತರ.

ಗಂಡ ಗೂಟಕ್ಕೆ ಸಿಕ್ಕಿಸಿ ಮರೆತು ಹೋದ ಅಂಗಿಯ ಕಿಸೆಯಲ್ಲಿ ಸಿಕ್ಕಿತ್ತು ಅದು. ಮೈನುದ್ದೀನ ಬಡಿಗ. ಗಜೇಂದ್ರಗಡದಲ್ಲಿ ಅವನು ಟೇಪು ಹಿಡಿದದ್ದನ್ನು ಯಾರೂ ಕಂಡಿಲ್ಲ. ಬಾಗಿಲಿರಲಿ, ಮಂಚವಿರಲಿ, ದಾರ ಹಿಡಿದು ಬೇಕಾದ ಎತ್ತರಕ್ಕೆ ಗಂಟು ಹಾಕುವುದೇ ಅವನ ಅಳತೆ. ಊರಿನ ಅರ್ಧ ತೊಟ್ಟಿಲುಗಳು ಅವನ ಕೈಯಲ್ಲೇ ಆಗಿದ್ದವು. ಅವನ ಮನೆಯಲ್ಲಿ ಮಾತ್ರ ತೊಟ್ಟಿಲಿರಲಿಲ್ಲ.

ಆ ಹಾಳು ಗಾಡಿ ಬಂದದ್ದು ಬೇಸಿಗೆಯಲ್ಲಿ. ಬ್ರಿಟಿಷರಿದ್ದಾಗ ಯಾವನೋ ಬಿಳಿ ಎಂಜಿನಿಯರ ಮೋಟಾರಿನ ಬೆನ್ನಿಗೆ ಕಟ್ಟಿಕೊಂಡು ತಿರುಗುತ್ತಿದ್ದ ಗಾಡಿಮನೆ. ಅವನು ಹೋದಮೇಲೆ ರೋಣದಲ್ಲಿ ಬಿದ್ದಲ್ಲೇ ಬಿದ್ದು ಗೆದ್ದಲಿಗೆ ಊಟವಾಗಿತ್ತು. ಮೈನುದ್ದೀನ ಅದನ್ನು ಗುಜರಿಯೆಂದು ಕೊಂಡು, ಎತ್ತು ಹೂಡಿಸಿ ಎಳೆತಂದ. ಮನೆಯ ಮುಂದೆ ನಿಲ್ಲಿಸಲಿಲ್ಲ. ಊರಾಚೆ, ಗುಡ್ಡದ ಬುಡದ ಬಯಲಲ್ಲಿ ನಿಲ್ಲಿಸಿದ. ಕೊಳೆತ ಹಲಗೆಗಳನ್ನೆಲ್ಲ ಕಿತ್ತುಹಾಕಿದ. ಕಬ್ಬಿಣದ ಚೌಕಟ್ಟು ಮಾತ್ರ ಉಳಿಯಿತು. ಅದರ ತುಕ್ಕು ಕೆರೆದ, ಸೀಳಿದ ಪಟ್ಟಿಗೆ ಹೊಸ ಕಬ್ಬಿಣ ಕೂಡಿಸಿದ, ಸಾಗವಾನಿ ನೆಲ ಹಾಸಿದ, ಬೇವಿನ ಹಲಗೆಯ ಗೋಡೆ ಎಬ್ಬಿಸಿದ, ತಗಡು ಹೊದಿಸಿ ಸಂದಿಗೆಲ್ಲ ಡಾಂಬರು ಬಳಿದ. ಗಿರಾಕಿಗಳು ಬೈದುಕೊಂಡು ತಿರುಗಿ ಹೋದರು.

ಒಮ್ಮೆ ಸುತ್ತಿಗೆ ಹೆಬ್ಬೆರಳ ಮೇಲೆ ಬಿದ್ದು ರಕ್ತ ಹರಿದರೂ ಮೊಳೆ ಹೊಡೆಯುತ್ತಲೇ ಇದ್ದ. ಜಮಾಲಬಿ ಚೀರಿದ ಮೇಲೆ ಕೈ ನೋಡಿಕೊಂಡ. ಧ್ಯಾಸ ಬೇರೆಲ್ಲೋ ಇದ್ದವನಿಗೆ ನೋವು ಎಲ್ಲಿಂದ ತಿಳಿಯಬೇಕು?

ಧ್ಯಾಸ ಎಲ್ಲಿತ್ತೆಂಬುದು ಅವಳಿಗೆ ಗೊತ್ತಿತ್ತು. ಗುರುವಾರ ಬಂದರೆ ಸಾಕು, ನರಗುಂದದ ಬಸ್ಸು ಹತ್ತುತ್ತಿದ್ದ. ಬೇಸಿಗೆಯಿಂದ ಅವನ ಹಾಸಿಗೆ ಹೊರಗಿನ ಕಟ್ಟೆಗೆ ಹೋಗಿತ್ತು. ತನ್ನ ಬಟ್ಟೆ ತಾನೇ ಒಗೆದುಕೊಳ್ಳುತ್ತಿದ್ದ. ಅವಳ ನೆರಳು ಸೋಕಿದರೂ ಸರಿದು ಕೂರುತ್ತಿದ್ದ. ನೆರೆಮನೆಯ ಶಿವನಪ್ಪ ಉಳಿದದ್ದನ್ನು ತುಂಬಿಕೊಟ್ಟ. ಇಂಥ ಸುದ್ದಿ ಹೊತ್ತು ತರುವುದರಲ್ಲಿ ಆತನಿಗೊಂದು ಖುಷಿ.

“ತಂಗಿ, ನರಗುಂದದಾಗ ನಿನ್ನ ಗಂಡನ್ನ ಕಂಡೆ. ಗಿಡದ ಬುಡಕ ಕುಂತಿದ್ದ. ಬಾಜೂಕ ಒಬ್ಬಾಕಿ, ಸೆರಗಿಲೆ ಮಾರಿ ಮುಚ್ಚಿಕೊಂಡಿದ್ಲು. ತೊಡಿ ಮ್ಯಾಲ ಕೂಸು.”

ಅಂದು ಜಮಾಲಬಿ ಗಾಡಿಯ ಬಳಿ ಹೋಗಿ ನೇರವಾಗಿ ಕೇಳಿದ್ದಳು.

“ಒಲಿ ಎಲ್ಲಿ ಬರ್ತೈತ್ರಿ ಇದರಾಗ?”

“ಒಲಿ ಬ್ಯಾಡ. ಅಡಿಗಿ ಮನ್ಯಾಗ ನೀ ಮಾಡ್ತಿ.”

“ಮತ್ತ ಈ ಸಣ್ಣ ಕಿಂಡಿ?”

“ಕೈಗೆ ಎಟುಕಬೇಕಲ್ಲ,” ಎಂದು ಮುಖ ತಿರುಗಿಸಿದ.

ಅಂದರೆ ಸವತಿ ಹಾಯಾಗಿ ಕೂರುವುದು, ಇವಳು ಬೇಯಿಸಿ ಹೊತ್ತು ತರುವುದು! ಆದರೂ ಮೊನ್ನೆ ರೊಟ್ಟಿ ಒಯ್ದಾಗ ಅವನು ನಡೆದುಕೊಂಡ ರೀತಿ ಕಾಡುತ್ತಲೇ ಇತ್ತು. “ಅಲ್ಲೇ ನಿಂದ್ರು,” ಎಂದಿದ್ದ. ತಟ್ಟೆ ಹಿಡಿದು ನಿಂತವಳನ್ನು ದೂರದಿಂದಲೇ ಸುಮ್ಮನೆ ನೋಡಿದ್ದ, ಕಣ್ಣಲ್ಲಿ ನೀರು ಬರುವ ತನಕ. ಬಿಟ್ಟುಹೋಗುವವರು ಹಾಗೇ ನೋಡುತ್ತಾರೆ ಎಂದುಕೊಂಡಿದ್ದಳು.

ಇವತ್ತೂ ಗುರುವಾರ. ಅವಳು ದಾರ ಹಿಡಿದು ಬಯಲಿಗೆ ನಡೆದಳು. ನೆಲದಿಂದ ಕಿಂಡಿಯ ಅಂಚಿಗೆ ಅಳೆದು ನೋಡಿದಳು. ಗಂಟು ಕರಾರುವಾಕ್ಕಾಗಿ ಕೂತಿತು. ಹೊರಗೆ ಆಡುವ ಕೂಸು ಒಳಗಿನ ತಾಯಿಯನ್ನು ಇಣುಕಿ ನೋಡಲಿಕ್ಕೆ. ತನಗೆ ಹುಟ್ಟದ ಕೂಸಿಗೆ ತನ್ನ ಗಂಡ ಕಿಂಡಿ ಕೊರೆದಿದ್ದ.

ಮನೆಯಿಂದ ಚಿಮಣಿ ಎಣ್ಣೆಯ ಡಬ್ಬಿ ತಂದು ಗಾಡಿಯ ಮೇಲೆ ಪೂರಾ ಸುರಿದು ಕಡ್ಡಿ ಗೀರಿದಳು. ಡಾಂಬರಿಗೆ ಬೆಂಕಿ ಹತ್ತಲು ಹೊತ್ತೇನೂ ಬೇಕಾಗಲಿಲ್ಲ.

ಸಂಜೆಯ ಬಸ್ಸಿಳಿದು ಹೊಗೆ ಕಂಡ ಮೈನುದ್ದೀನ ಓಡಿ ಬಂದಾಗ ಕಬ್ಬಿಣದ ಚೌಕಟ್ಟು ಮಾತ್ರ ಉಳಿದಿತ್ತು. ಹತ್ತು ಹೆಜ್ಜೆ ದೂರದಲ್ಲಿ ನಿಂತು ಏದುಸಿರು ಬಿಟ್ಟ.

“ನಿನಗೇನೂ ಆಗಿಲ್ಲಲ್ಲ?”

“ನನಗ್ಯಾಕ ಆಗ್ತೈತಿ? ಆಕಿನ್ನ ಎಲ್ಲಿ ಇಡ್ತೀರಿ ಈಗ? ನಿಮ್ಮ ಕೂಸಿನ್ನ?”

“ಯಾವಾಕಿ? ಯಾವ ಕೂಸು?”

ಅವನು ಬೂದಿಯೊಳಗೆ ಕಾಲಿಟ್ಟು, ಕೆಂಡದಲ್ಲಿ ಬಿದ್ದಿದ್ದ ಕಿಂಡಿಯ ಕಬ್ಬಿಣದ ಅಂಚನ್ನು ಬರಿಗೈಯಿಂದ ಎತ್ತಿದ. ಚರ್ಮ ಸುಟ್ಟ ವಾಸನೆ ಬಂತು. ಅವನು ಮುಖ ಒಂದಿಷ್ಟೂ ಕಿವುಚಲಿಲ್ಲ. ಕೈ ಸುಡುತ್ತಿರುವುದು ಅವನಿಗೆ ಗೊತ್ತೇ ಆಗಿರಲಿಲ್ಲ.

ಜಮಾಲಬಿ ಅವನ ಕೈ ಹಿಡಿಯಲು ನುಗ್ಗಿದಳು. ಅವನು ಎಂದಿನಂತೆ ಹಿಂದೆ ಸರಿದ.

“ಮುಟ್ಟಬ್ಯಾಡ. ಮಹಾರೋಗ ಐತಿ ನನಗ, ಕುಷ್ಠ. ನರಗುಂದದ ದವಾಖಾನಿ ಮುಂದ ನನ್ನಂಥವರು ಭಾಳ ಮಂದಿ ಕುಂದರತಾರ, ಮಾರಿ ಮುಚ್ಚಿಕೊಂಡು. ಊರಿಗೆ ಗೊತ್ತಾಗೂದಕ್ಕಿಂತ ಮೊದಲ ಇಲ್ಲಿಗೆ ಬಂದಿರಬೇಕಂದಿದ್ದೆ. ನಿನ್ನಿಂದ ದೂರನೂ ಆಗ್ತಿತ್ತು, ನೀ ಕಣ್ಣಿಗೂ ಕಾಣತಿದ್ದಿ. ಇನ್ನ ಎಲ್ಲಿಗೆ ಹೋಗಬೇಕೋ.”

ಅವಳ ಮುಷ್ಟಿಯಲ್ಲಿ ದಾರ ಇನ್ನೂ ಇತ್ತು. ಅವನು ಅದನ್ನು ನೋಡಿದ.

“ಆ ಗಂಟು ನಿನ್ನ ಕೈ ಅಳತಿದು, ಜಮಾಲಾ. ಊಟದ ತಟ್ಟಿ ಹಿಡಕೊಂಡು ಕಿಂಡಿ ಮುಂದ ನಿಂತರ ನಿನ್ನ ಕೈ ಅಷ್ಟ ಎತ್ತರಕ್ಕ ಬರ್ತೈತಿ.”