ಮಡಿಹೂವು

ಪಕ್ಕದ ಮನೆಯ ವಿಮಲ ಗುಜರಿ ಅಂಗಡಿಯಿಂದ ಒಡಕು ಟೈಲ್ಸು, ಹಳೇ ಚಪ್ಪಡಿ ಎಲ್ಲ ತಂದು ಹಿತ್ತಲನ್ನು ತೋಟ ಮಾಡಿದಾಗ ವೆಂಕಮ್ಮನವರು ಮೂಗು ಮುರಿದಿದ್ದರು. "ಯಾರ್ಯಾರ ಮನೆ ಮೈಲಿಗೆಯೋ, ಶಿವನೇ!"

ಅಲ್ಲಿ ದಾಸವಾಳ ಬಿಟ್ಟಿದ್ದೇ ತಡ, ಮೈಲಿಗೆ ಮರೆತುಹೋಯಿತು. ದಿನಾ ಬೆಳಿಗ್ಗೆ ಒದ್ದೆ ಮಡಿಸೀರೆಯಲ್ಲೇ ಬೇಲಿ ದಾಟಿ, ಒಂದು ಮಾತೂ ಕೇಳದೆ ಹೂ ಕೊಯ್ದು, ದೇವಿಗೆ ನಲವತ್ತೆಂಟು ದಿನದ ಪೂಜೆ ಮುಗಿಸಿದರು. ಕೊನೆಯ ದಿನ ವಿಮಲ ಎದುರಿಗೇ ಸಿಕ್ಕಳು.

"ಪುಣ್ಯದಲ್ಲಿ ನಿನಗೂ ಪಾಲಿದೆ ಬಿಡೇ," ಎಂದರು ವೆಂಕಮ್ಮನವರು. "ಅಂದ ಹಾಗೆ, ಅರ್ಧ ಮಣ್ಣಲ್ಲಿ ಹೂತು, ಮೇಲೆ ಬಳ್ಳಿ ಚಿತ್ತಾರ ಬರೆದಿದ್ದೀಯಲ್ಲ, ಈ ದಾಸವಾಳದ ಪಿಂಗಾಣಿ ಕುಂಡ ಎಷ್ಟು ಲಕ್ಷಣವಾಗಿದೆ! ನಮ್ಮ ತುಳಸಿಗೂ ಇಂಥದೊಂದು ಸಿಗುತ್ತೇನೇ?"

"ಇದು ನಿಮ್ಮ ಮನೆಯದೇ ಅಮ್ಮಾ. ಯುಗಾದಿಗೆ ಗುಜರಿಗೆ ಹಾಕಿದ್ರಲ್ಲ, ಆ ಕಮೋಡು."