ಮಡಿಕೆ ಬಿಚ್ಚದ ಬಟ್ಟೆ

"ಕಬ್ಬಿನ ಲೋಡಿಗೆ ಕೆಂಪು ಬಟ್ಟೆ ಕಟ್ಟಿದ್ದೆ, ದಾರೀಲಿ ಬಿದ್ದೋಯ್ತು ಅನ್ನು. ಅಷ್ಟೇ ಸಾಕು," ಎಂದು ಕೊಳ್ಳೇಗಾಲದ ಕೋರ್ಟಿನ ವರಾಂಡದಲ್ಲಿ ವಕೀಲರು ಮೂರನೆಯ ಸಲ ಹೇಳಿಕೊಟ್ಟರು. "ಸಾಯಿಸೋ ಮನಸ್ಸಿತ್ತಾ ಅಂತ ಕಾನೂನು ಕೇಳಲ್ಲ ಪುಟ್ಟಮಾದಪ್ಪ. ಅಪಾಯ ಗೊತ್ತಿದ್ದೂ ಮಾಡಬೇಕಾದ್ದನ್ನ ಮಾಡದೆ ಬಿಟ್ಟೆಯಾ ಅಂತ ಕೇಳುತ್ತೆ." ಪುಟ್ಟಮಾದಪ್ಪ ತಲೆಯಾಡಿಸಿದ. ಅವನ ಕೈ ಜೇಬಿನೊಳಗೇ ಇತ್ತು.

ಅಷ್ಟರಲ್ಲಿ ದೀಪಶ್ರೀ ಎದುರಿಗೆ ಬಂದು ನಿಂತಳು. ಕುಂತೂರು ರಸ್ತೆಯ ಬದಿಯಲ್ಲಿ ಅವನು ಟ್ರಾಕ್ಟರ್ ನಿಲ್ಲಿಸಿ ಟೀ ಕುಡಿಯಲು ಹೋಗಿದ್ದ ಆ ಮುಸ್ಸಂಜೆ, ಟ್ರೈಲರಿನಿಂದ ಹಿಂದಕ್ಕೆ ಚಾಚಿದ್ದ ಕಬ್ಬಿಗೆ ಬೈಕಿನಲ್ಲಿ ಬಂದು ಬಡಿದು ಸತ್ತವನ ಹೆಂಡತಿ. ಅವಳು ಬೈಯಲಿಲ್ಲ, ಶಾಪ ಹಾಕಲಿಲ್ಲ.

"ಅಣ್ಣ, ಒಂದೇ ಒಂದು ಮಾತು ಕೇಳ್ತೀನಿ. ನೀವು ಕೆಂಪು ಬಟ್ಟೆ ಕಟ್ಟಿದ್ರಂತೆ. ನಮ್ಮೆಜಮಾನ್ರೇ ಫೋನ್ ನೋಡ್ಕಂಡು ಬಂದು ಗುದ್ಬುಟ್ರು ಅಂತಾರೆ ಎಲ್ರೂವೆ. ಬೇಗ ಬನ್ನಿ ಅಂತ ಆವತ್ತು ಫೋನ್ ಮಾಡಿದ್ದು ನಾನು. ಅಂಗಾರೆ ನಾನೇ ಅವರ್ನ ಸಾಯಿಸ್ದಂಗಾಯ್ತಾ ಅಣ್ಣ?"

ಪುಟ್ಟಮಾದಪ್ಪ ಜೇಬಿನಿಂದ ಕೈ ಹೊರತೆಗೆದ. ಅಪಘಾತದ ದಿನ ಬೆಳಿಗ್ಗೆ ಹೆಂಡತಿ ಬಸವಮ್ಮ ಹಳೇ ಸೀರೆ ಹರಿದು, ನಾಲ್ಕು ಮಡಿಕೆ ಮಾಡಿ ಕೊಟ್ಟಿದ್ದ ಕೆಂಪು ಬಟ್ಟೆ ಅದರಲ್ಲಿತ್ತು. ಆಮೇಲೆ ಕಟ್ಟಿದರಾಯಿತು ಎಂದು ಅವನು ಅದನ್ನು ಸೀಟಿನಡಿ ಇಟ್ಟಿದ್ದ; ಒಂದು ಮಡಿಕೆಯೂ ಬಿಚ್ಚಿರಲಿಲ್ಲ. "ಲೋ, ಬೇಡ," ಎಂದು ವಕೀಲರು ತೋಳು ಹಿಡಿದರು. ಅವನು ಕೊಸರಿಕೊಂಡು ಬಟ್ಟೆಯನ್ನು ದೀಪಶ್ರೀಯ ಅಂಗೈ ಮೇಲಿಟ್ಟ.

"ನೀನಲ್ಲ ಕಣವ್ವ. ನಾನು ಕಟ್ಟೇ ಇರ್ಲಿಲ್ಲ."